ಮನೆ ಮಗಳು

ಮಧ್ಯಾಹ್ನ ಮೂರು ಗಂಟೆ. ಮೂರನೆಯ ಮಹಡಿಯ ಮನೆಗೆ ಹೊರಗಿನಿಂದ ಬೀಗ ಬಿದ್ದಿತ್ತು, ಒಳಗೆ ಅಡುಗೆಯವಳಿದ್ದಳು.

ಬೀಗ ಹೊಸದಲ್ಲ. ಕಾಲ ಕೆಟ್ಟಿದೆ ಎಂದು ಅಮ್ಮಾವರು ಹೊರಗೆ ಹೋದಾಗಲೆಲ್ಲ ಹಾಕುತ್ತಿದ್ದರು. ಇವತ್ತು ಮಾತ್ರ ಅದು ಕೊರಳಿಗೇ ಬಿದ್ದಂತಾಗಿತ್ತು. ಸಂಜೆ ಅವಳ ಅಕ್ಕನಿಗೆ ಹೃದಯದ ಆಪರೇಷನ್. ಉಳಿಯುವುದು ಕಷ್ಟ ಎಂದು ಡಾಕ್ಟರೇ ಹೇಳಿದ್ದರು. ಅದಕ್ಕೆ ಮೊದಲು ಒಮ್ಮೆ ಮುಖ ನೋಡಬೇಕಿತ್ತು. ಬೆಳಗ್ಗೆ ರಜೆ ಕೇಳಿದಾಗ ಅಮ್ಮಾವರು ನಕ್ಕಿದ್ದರು: ಮನೆ ಮಗಳಿಗೆ ಎಂಥ ರಜೆ, ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು.

ಅಡುಗೆಮನೆಯ ಕಿಟಕಿಯಿಂದ ಕೂಗಿದ್ದು ಕೆಳಗಿನ ದರ್ಜಿಗೆ ಕೇಳಿಸಿತು. ಅವನು ಪೊಲೀಸರಿಗೆ ಫೋನ್ ಮಾಡಿದ. ಪೇದೆಯೊಬ್ಬ ಬೀಗ ಒಡೆಯುವವನನ್ನೂ ಜೊತೆಗೆ ಕರೆದುಕೊಂಡೇ ಮೆಟ್ಟಿಲು ಹತ್ತಿ ಬಂದ. ಬಾಗಿಲ ಪಕ್ಕದ ಕಿಟಕಿಯ ಸರಳಿಗೆ ಮುಖ ತಂದು ಕೇಳಿದ:

"ನೀವು ಈ ಮನೆ ಕೆಲಸದವರೇನಮ್ಮಾ?"

ಹಿಂದೊಮ್ಮೆ ನೆಂಟನೊಬ್ಬ ಅವಳನ್ನು ಕೆಲಸದವಳು ಎಂದಿದ್ದಕ್ಕೆ ಅಮ್ಮಾವರು ಎಲ್ಲರೆದುರು ಅವನ ಮುಖದ ನೀರಿಳಿಸಿದ್ದರು. ಅವತ್ತು ಅಡುಗೆಮನೆಗೆ ಹೋಗಿ ಖುಷಿಯಿಂದ ಅತ್ತಿದ್ದಳು. ಅಂದಿನಿಂದ ಆ ಮಾತು ಕಿವಿಗೆ ಬಿದ್ದರೆ ಬೈಗುಳದ ಹಾಗೆ. ಬುದ್ಧಿಗಿಂತ ನಾಲಿಗೆ ಮುಂದೆ ಓಡಿತು.

"ಛೇ, ಅಲ್ಲ ಸಾರ್. ಮನೆ ಮಗಳು."

ಬೀಗ ಒಡೆಯುವವನು ಸುತ್ತಿಗೆಯನ್ನು ಚೀಲಕ್ಕೆ ಹಾಕಿದ. ಹೊರಗಿನವರನ್ನು ಕೂಡಿ ಹಾಕಿದ್ದರೆ ಈಗಲೇ ಒಡೆಸುತ್ತಿದ್ದೆ, ತಾಯಿ ಮಗಳ ಜಗಳಕ್ಕೆ ಬಾಗಿಲು ಮುರಿಯಲಾಗದು ಎಂದ ಪೇದೆ.

ಅವಳು ಸರಳು ಹಿಡಿದುಕೊಂಡಳು. "ಮಗಳಲ್ಲ ಸಾರ್. ಸುಮ್ನೆ ಹಾಗೆ ಕರೀತಾರೆ. ನಾನು ಕೆಲಸದವಳೇ."

"ಸಿಟ್ಟು ಬಂದ್ರೆ ಎಲ್ಲರ ಮನೇಲೂ ಇದೇ ಮಾತು. ತಟ್ಟೆ ತೊಳಿ ಅಂದ್ರೆ ನನ್ನ ಮಗಳೂ ಕೇಳ್ತಾಳೆ, ನಾನೇನು ಕೆಲಸದವಳಾ ಅಂತ."

ಅಕ್ಕನ ವಿಷಯ ಹೇಳಿದಳು. ಪೇದೆ ಕೆಟ್ಟವನಲ್ಲ; ಅವಳನ್ನು ಮನೆ ಮಗಳೆಂದೇ ತಿಳಿದಿದ್ದ ದರ್ಜಿಯಿಂದ ನಂಬರು ತೆಗೆದುಕೊಂಡು ಅಮ್ಮಾವರಿಗೇ ಫೋನ್ ಹಚ್ಚಿದ. ಅವರ ದನಿ ಅವಳಿಗೂ ಕೇಳಿಸಿತು.

"ನಮ್ಮ ಮಗಳೇ ಸಾರ್. ಸ್ವಲ್ಪ ಹಠ."

ಅಮ್ಮ ಬರುವವರೆಗೆ ಸಮಾಧಾನದಿಂದಿರಲು ಹೇಳಿ ಪೇದೆ ಮೆಟ್ಟಿಲಿಳಿದ.

ಅಮ್ಮಾವರು ಏಳಕ್ಕೆ ಬಂದು ಬೀಗ ತೆಗೆದರು. ಅಕ್ಕನನ್ನು ಐದಕ್ಕೇ ಆಪರೇಷನ್‌ಗೆ ಒಯ್ದಿದ್ದರು. ಅಕ್ಕನಿಗೆ ಮತ್ತೆ ಎಚ್ಚರವಾಗಲಿಲ್ಲ.