ಇಳಿಯದ ಎಣ್ಣೆ

ಅಪ್ಪನಿಗೆಂದು ತಂದ ಹೊಸ ಬಾಟಲಿಯಲ್ಲಿ ಎಣ್ಣೆ ಇಳಿದೇ ಇಲ್ಲ, ಕಿಟಕಿಯ ಬಿಸಿಲಿಗೆ ಹಿಡಿದರೆ ಮೊದಲ ದಿನ ಇದ್ದಲ್ಲೇ ಇದೆ, ಲೇಬಲ್ಲಿನ ಮೇಲಂಚಿಗೆ ಸರಿಯಾಗಿ, ಬಣ್ಣ ಮಾತ್ರ ಗಟ್ಟಿ ಚಹಾದ ಹಾಗೆ, ಕಪಾಟಿನ ಕತ್ತಲಲ್ಲಿ ಗೊತ್ತೇ ಆಗಿರಲಿಲ್ಲ — ಮೂರು ವಾರದಿಂದ ದಿನಕ್ಕೆ ನಾಲ್ಕೇ ಚಮಚ, ನಾನೇ ಅಳೆದದ್ದು, ಡೈರಿಯಲ್ಲಿ ಬರೆದಿಟ್ಟದ್ದು, ಅಪ್ಪನ ಎದೆಗೆ ಸ್ಟೆಂಟ್ ಹಾಕಿ ಕಳಿಸಿದ ಡಾಕ್ಟರು ನನ್ನ ಕಡೆಗೇ ತಿರುಗಿ ಹೇಳಿದ್ದರಲ್ಲ, ಒಂದ್ಸಲ ಕರಿದ ಎಣ್ಣೆ ಮತ್ತೆ ಒಲೆ ಮೇಲೆ ಬರಬಾರದಮ್ಮ, ಇನ್ನೊಂದು ಪೆಟ್ಟು ಈ ಹೃದಯ ತಡೆಯಲ್ಲ, ನಾನು ತಲೆಯಾಡಿಸಿದ್ದೆ. ಅಪ್ಪ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು, ಇಪ್ಪತ್ತಾರು ವರ್ಷ, ಬಾಣಲೆಯಲ್ಲಿ ಮಿಕ್ಕ ಎಣ್ಣೆಯನ್ನು ಸ್ಟೀಲ್ ಡಬ್ಬಿಯಲ್ಲಿ ಮನೆಗೆ ತರುತ್ತಿದ್ದ, ಆ ವಾಸನೆಯಲ್ಲೇ ನಾನು ಬೆಳೆದದ್ದು, ನಿನ್ನ ಜಡೆಯೆಲ್ಲ ಕರಿದ ವಾಸನೆ ಕಣೇ ಎಂದು ಶಾಲೆಯಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡ ದಿನ ಅತ್ತುಕೊಂಡು ಬಂದು ಅದೇ ವಾಸನೆಯ ಅವನ ಅಂಗಿಗೆ ಮುಖ ಒತ್ತಿ ಮಲಗಿದ್ದೆ — ಆ ಡಬ್ಬಿ ಚೆಲ್ಲಿಬಿಡಪ್ಪ ಎನ್ನಲು ನನಗೆ ಎರಡು ದಿನ ಹಿಡಿಯಿತು, ಚೆಲ್ಲಿಯಾಯ್ತು ಕಣಮ್ಮಾ, ನೀನು ತಲೆ ಕೆಡಿಸ್ಕೋಬೇಡ, ಅಂದಿದ್ದ, ಮುಖ ಗೋಡೆಯ ಕಡೆ, ಅಮ್ಮ ಆಗಲೇ ನಕ್ಕಿದ್ದಳು, ನಿಮ್ಮಪ್ಪ ಎಣ್ಣೆ ಚೆಲ್ಲೋ ಆಸಾಮಿನಾ, ಬೇಕಾದ್ರೆ ನನ್ನ ಬಿಟ್ಟಾರು.

ಮುಚ್ಚಳ ತೆಗೆದು ಮೂಸುತ್ತೇನೆ, ಅದೇ ಅಂಗಿ, ಅದೇ ಕ್ಯಾಂಟೀನು, ಸಿಂಕಿನ ಕೆಳಗೆ ಕೈ ಹಾಕಿದರೆ ಡಬ್ಬಿ ಅಲ್ಲೇ ಇದೆ, ಮುಕ್ಕಾಲು ಖಾಲಿ, ಮೇಲೆ ಸೋಸುವ ಬಟ್ಟೆ ಅಚ್ಚುಕಟ್ಟಾಗಿ ಮಡಿಸಿ, ಅಂದರೆ ನಾನು ಏಳುವ ಮೊದಲೇ ಅಪ್ಪ ದಿನಾ ಸೋಸಿ, ನಾನು ತೆಗೆದಷ್ಟನ್ನು ಬಾಟಲಿಗೆ ತುಂಬಿಸಿಟ್ಟಿದ್ದಾನೆ, ನಾನು ಅಳೆದೂ ಅಳೆದೂ ಬಡಿಸಿದ್ದು ಅದನ್ನೇ, ಈ ಕೈಯಿಂದಲೇ — ಅಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಕದ್ದು ಸಿಕ್ಕಿಬಿದ್ದ ಮಗುವಿನ ಮುಖ, ಹೊಸದು ಅಂತ ನಿಂಗೆ ಸಮಾಧಾನ ಇತ್ತು, ಚೆಲ್ಲಲಿಲ್ಲ ಅಂತ ನಂಗೂ ಸಮಾಧಾನ, ಇಬ್ರಿಗೂ ಆಯ್ತಲ್ಲಮ್ಮಾ, ನಗು ಬರುತ್ತದೆ, ಕಣ್ಣೂ ತುಂಬುತ್ತದೆ, ಡೈರಿಯಲ್ಲಾದರೆ ನಾಲ್ಕು ಪುಟ ಬೈಯುತ್ತಿದ್ದೆ, ಬಾಯಿಂದ ಹೊರಟದ್ದು ಇಷ್ಟೇ, ನೀನು ನಂಗೆ ಬೇಕಪ್ಪ. ಅವನು ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಸದ ಬುಟ್ಟಿಯ ಹಳೆಯ ಕಾಗದಗಳ ಮೇಲೆ ಬಗ್ಗಿಸಿದ, ಡಬ್ಬಿಯನ್ನೂ, ನಿಧಾನಕ್ಕೆ, ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಮಾಡದ್ದು, ಕಾಗದ ಕಪ್ಪಾಗುತ್ತಾ ಹೋಯಿತು, ಆಮೇಲೆ ಅಭ್ಯಾಸಬಲಕ್ಕೆ ಡಬ್ಬಿಯ ಅಂಚನ್ನು ತೋರುಬೆರಳಿನಿಂದ ಒರೆಸಿ ಕೊನೆಯ ಹನಿಯನ್ನು ಹಿಡಿದುಬಿಟ್ಟ, ಹಿಡಿದವನಿಗೆ ಅದನ್ನು ಎಲ್ಲಿ ಇಡಬೇಕೋ ತಿಳಿಯದು, ಬಾಣಲೆಯ ಕಡೆ ಹೊರಟು ನಿಂತ ಬೆರಳು, ಬಾಯಿಯ ಕಡೆ ಹೊರಟು ನಿಂತ ಬೆರಳು, ನನ್ನನ್ನೇ ನೋಡುತ್ತಾ — ಬೆರಳ ತುದಿಯಲ್ಲಿ ಹನಿ, ಅಪ್ಪನ ಬೆರಳು, ಬೀಳದ ಆ ಹನಿ.