ಎಡಗಿವಿಯ ನೋವು

"ಯಾರು ಕೇಳಿದ್ರೂ ಕಿವಿನೋವು ಅನ್ನು. ಕೆಮ್ಮು ಅನ್ಬೇಡ. ಆಯ್ತಾ ಪುಟ್ಟಿ?"

ಆಸ್ಪತ್ರೆಯ ಬಾಗಿಲ ಸಾಲಿನಲ್ಲಿ ನಿಂತು ಟೈಲರಮ್ಮ ಮಗಳ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದಳು. ಅವಳೇ ಹೊಲಿದದ್ದು, ಎರಡು ಪದರದ ಹೂವಿನ ಬಟ್ಟೆ. ಬೆಳಿಗ್ಗೆ ಅವಳು ಮಿಷನ್ನಿಗೆ ಬಗ್ಗಿ ಕೂತಿದ್ದಾಗ, ಬೆನ್ನ ಹಿಂದೆ ಆಡುತ್ತಿದ್ದ ನಾಲ್ಕು ವರ್ಷದ ಮಗು ಇದ್ದಕ್ಕಿದ್ದಂತೆ ಕೆಮ್ಮತೊಡಗಿತ್ತು. ಕೆಮ್ಮೇನೋ ನಿಂತಿತು, ಉಸಿರಿನಲ್ಲಿ ಸಣ್ಣದೊಂದು ಸೀಟಿ ಉಳಿಯಿತು. ಊರೆಲ್ಲ ಹಬ್ಬಿದ್ದ ಸೋಂಕೇ ಇರಬೇಕೆಂದು ಅವಳು ಹೆದರಿದಳು. ಕೆಮ್ಮು ಎಂದರೆ ಜ್ವರದ ವಾರ್ಡು. ಅಲ್ಲಿ ಮಕ್ಕಳು ಒಳಗೆ, ತಾಯಂದಿರು ಹೊರಗೆ. ಪಕ್ಕದ ಮನೆಯ ಹುಡುಗಿ ಹದಿನಾಲ್ಕು ದಿನ ಒಬ್ಬಳೇ ಮಲಗಿದ್ದಳು. ಕಿವಿ ಎಂದರೆ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಬಿಡುತ್ತಾರೆ. ಅವರು ಹಾಗೇ ಗಂಟಲನ್ನೂ ನೋಡಿಯಾರು ಎಂದು ಅವಳ ಲೆಕ್ಕ.

"ಜ್ವರ? ಕೆಮ್ಮು?" ನರ್ಸು ತಲೆಯೆತ್ತದೆ ಕೇಳಿದಳು.

"ಇಲ್ಲ ಸಿಸ್ಟರ್. ಎಡಗಿವಿ ನೋವು."

"ಹಾಗಾದ್ರೆ ಅರ್ಜೆಂಟಲ್ಲ. ಕಾಯ್ಬೇಕು."

ಒಂದೂವರೆ ಗಂಟೆ ಕಾದರು. ನಡುವೆ ಒಮ್ಮೆ ಕೆಮ್ಮು ಒತ್ತರಿಸಿ ಬಂದಾಗ ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಾಯಿಯ ಮುಖ ನೋಡಿತು. "ನನ್ನ ಜಾಣೆ," ಎಂದಳು ಟೈಲರಮ್ಮ.

ಒಳಗೆ ಡಾಕ್ಟರಮ್ಮ ಪ್ಲಾಸ್ಟಿಕ್ಕಿನ ನಿಲುವಂಗಿಯಲ್ಲಿ ಬೆವರುತ್ತಿದ್ದಳು. "ಯಾವ ಕಿವಿ ಕಂದಾ?"

ಮಗು ಬಲಗಿವಿ ಮುಟ್ಟಿತು.

"ಚೀಟೀಲಿ ಎಡ ಅಂತಿದೆ. ನಿನ್ನ ನೋವಿಗೂ ಕಾಲು ಬಂತಾ?" ಎರಡೂ ಕಿವಿಗೆ ಬೆಳಕು ಬಿಟ್ಟು ನೋಡಿದಳು. "ಕನ್ನಡಿ ಹಾಗಿವೆಯಲ್ಲಮ್ಮ."

ಹಾಗೆಂದವಳು ತಟ್ಟನೆ ಮಗುವಿನ ಉಸಿರಿಗೆ ಕಿವಿಗೊಟ್ಟಳು. ಮಗುವಿನ ಮಾಸ್ಕು ಕೆಳಗೆಳೆದಳು. ತುಟಿಗಳು ನೀಲಿಗಟ್ಟಿದ್ದವು.

"ಯಾವಾಗಿಂದ ಹೀಗೆ? ನಿಜ ಹೇಳಿ."

"ಬೆಳಿಗ್ಗೆ ಕೆಮ್ಮಿದ್ಳು... ನಿಮ್ಮ ಕಾಲಿಗೆ ಬೀಳ್ತೀನಿ, ಜ್ವರದ ವಾರ್ಡಿಗೆ ಮಾತ್ರ ಕಳಿಸ್ಬೇಡಿ."

"ಇದು ಜ್ವರದ್ದಲ್ಲಮ್ಮ. ಉಸಿರಿನ ಕೊಳವೇಲಿ ಏನೋ ಸಿಕ್ಕಿಕೊಂಡಿದೆ." ಅಷ್ಟರಲ್ಲಿ ಡಾಕ್ಟರಮ್ಮ ಮಗುವನ್ನು ಎತ್ತಿಕೊಂಡು ಓಡುತ್ತಿದ್ದಳು.

ಆಪರೇಷನ್ ಕೋಣೆಯ ಬಾಗಿಲು ತೆರೆದಾಗ ಹೊರಗೆ ಇನ್ನೂ ಸುಡುಬಿಸಿಲಿತ್ತು. ಡಾಕ್ಟರಮ್ಮ ಒಬ್ಬಳೇ ಬಂದಳು.

"ಅಂಗಿ ಗುಂಡಿ. ತೆಗೆದ್ವಿ." ಕೈಗವಸು ಕಳಚುತ್ತ ಹೇಳಿದಳು: "ಮಗು ಉಳೀಲಿಲ್ಲಮ್ಮ."

ಟೈಲರಮ್ಮ ಅಳಲಿಲ್ಲ. ಅಂಗಡಿಯಲ್ಲಿ ಅಳತೆ ಕೇಳುವ ದನಿಯಲ್ಲಿ ಕೇಳಿದಳು: "ಬಾಗಿಲಲ್ಲೇ ಕೆಮ್ಮು ಅಂದಿದ್ರೆ?"

"ಅಂದಿದ್ರೆ ಜ್ವರದ ಸಾಲಿಗೆ ಕಳಿಸ್ತಿದ್ರು. ಅಲ್ಲೂ ಕಾಯೋದೇ ಇತ್ತು."

ಹಾಗೆನ್ನುವಾಗ ಡಾಕ್ಟರಮ್ಮ ನೆಲ ನೋಡುತ್ತಿದ್ದಳು.

ಟೈಲರಮ್ಮನ ಪಕ್ಕದ ಕುರ್ಚಿಗೆ, ಯಾರೂ ಕೂರದಿರಲೆಂದು, ಕೆಂಪು ಟೇಪನ್ನು ಅಡ್ಡಡ್ಡ ಅಂಟಿಸಿದ್ದರು. ಡಾಕ್ಟರಮ್ಮ ಒಮ್ಮೆ ಅತ್ತಿತ್ತ ನೋಡಿ ಅದರ ಮೇಲೆಯೇ ಕೂತಳು. ಭಾರಕ್ಕೆ ಟೇಪು ಮೆಲ್ಲಗೆ ಕಿತ್ತುಕೊಂಡಿತು.