ರಾಗಿ ದಿಂಬು

ಹಾರೋಹಳ್ಳಿಯ ಕಾರ್ಖಾನೆಗೆ ಹೋಗುವ ಹೆಂಗಸರ ಕೂಸುಗಳನ್ನು ನಮ್ಮ ಅತ್ತೆ ವೆಂಕಟಲಕ್ಷ್ಮಮ್ಮ ಮನೆಯಲ್ಲೇ ನೋಡಿಕೊಳ್ಳುತ್ತಿದ್ದರು. ಏಳನೆಯ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಜೊತೆಗಿರುತ್ತಿದ್ದೆ. ಸುಧಾಮಣಿಯ ಮೂರು ತಿಂಗಳ ಮಗುವಿನ ತಲೆ ಗುಂಡಗಾಗಲೆಂದು ಅತ್ತೆ ಅದರ ಎರಡೂ ಪಕ್ಕ ರಾಗಿ ತುಂಬಿದ ಪುಟ್ಟ ದಿಂಬು ಒತ್ತಿಡುತ್ತಿದ್ದರು.

“ದಿಂಬು ಬ್ಯಾಡವಂತೆ ಅತ್ತೆ. ಬರೀ ಚಾಪೆ ಮ್ಯಾಲೆ ಅಂಗಾತ ಮಲಗಿಸ್ಬೇಕಂತೆ, ಅಂಗನವಾಡಿ ಟೀಚರ್ ಅಂದ್ರು,” ಎಂದೆ.

“ಆವಮ್ಮನ ತಲೆ ಹಿಂದ್ಗಡೆ ನೋಡಿದ್ದೀಯಾ? ರೊಟ್ಟಿ ತಟ್ದಂಗೈತೆ!” ಎಂದು ಅತ್ತೆ ನಕ್ಕರು.

ಒಂದು ಶನಿವಾರ ಮಧ್ಯಾಹ್ನ ದಿಂಬು ಜಾರಿ ಮಗುವಿನ ಮೂಗಿನ ಮೇಲೆ ಬಿದ್ದಿತ್ತು. ನಾನು ಎತ್ತಿಕೊಂಡಾಗ ತುಟಿ ನೀಲಿಗಟ್ಟಿತ್ತು. ಬೆನ್ನುಜ್ಜಿದ ಮೇಲೆ ಅತ್ತಿತು.

“ಸುಧಾಮಣಿಗೆ ಯೋಳ್ಬ್ಯಾಡ ಕಣೆ, ಎದ್ರಕೋತಾಳೆ,” ಎಂದರು ಅತ್ತೆ.

ಸಂಜೆ ಸುಧಾಮಣಿ ಮಗುವಿನ ತಲೆ ಸವರಿ, “ಎಷ್ಟು ಚೆಂದ ಗುಂಡಗಾಗೈತೆ! ನಾಳೆ ರಜ, ದಿಂಬು ಕೊಡಿ, ಮನೇಲೂ ಇಡ್ತೀನಿ,” ಎಂದಳು. ಅತ್ತೆ ನನ್ನ ಕಡೆ ನೋಡಿದರು. ದಿಂಬುಗಳನ್ನು ನಾನೇ ಅವಳ ಚೀಲಕ್ಕೆ ಹಾಕಿದೆ.

ಸೋಮವಾರ ಅವಳ ಗಂಡ ಒಬ್ಬನೇ ಬಂದ. ಮಗು ಮಲಗಿದ್ದಲ್ಲೇ ಹೋಗಿಬಿಟ್ಟಿತ್ತಂತೆ. ಏನಾಯಿತೋ ಯಾರಿಗೂ ಗೊತ್ತಾಗಲಿಲ್ಲ ಎಂದ. ನಾನು ಶನಿವಾರವೇ ಹೇಳಬಹುದಿತ್ತು. ದಿಂಬು ಜಾರಿದ್ದನ್ನು ಅವನಿಗೂ ಹೇಳಲಿಲ್ಲ.